ಹೆಡ್ ಇಳಿಸದೆ ಸ್ಪಾರ್ಕ್ ಪ್ಲಗ್ ಥ್ರೆಡ್ ಸರಿಮಾಡುವುದು ಹೇಗೆ?

ಪ್ಲಗ್ ಬಿಚ್ಚಿದಾಗ ಅದರ ಥ್ರೆಡ್ ಸಂದಿಯಲ್ಲಿ ಬೆಳ್ಳಿ ಎಳೆಯಂಥದ್ದು ಸುತ್ತಿಕೊಂಡು ಬಂದರೆ, ಅದು ಪ್ಲಗ್‌ನದ್ದಲ್ಲ. ಹೆಡ್‌ನ, ಅಂದರೆ ಸಿಲಿಂಡರಿನ ಮೇಲಿನ ಮುಚ್ಚಳದ, ಅಲ್ಯೂಮಿನಿಯಂ ಥ್ರೆಡ್ಡೇ ಕಿತ್ತು ಬಂದಿದೆ. ಮಳೆಗಾಲಕ್ಕೆ ಎರಡು ವಾರ ಬಾಕಿ ಇರುವಾಗ, ಶಿರಸಿ ಹತ್ತಿರ ಭಾವನ ಮನೆ ಅಂಗಳದಲ್ಲಿ, ಅವನ ಹಳೇ ಓಮ್ನಿಯಲ್ಲಿ ನಾನು ನೋಡಿದ್ದು ಇದನ್ನೇ. ಅದಕ್ಕೂ ಮುಂಚೆ ಒಂದು ವಾರದಿಂದ ಗಾಡಿ ‘ಟುಸ್ ಟುಸ್’ ಅನ್ನುತ್ತಿತ್ತು. ದೇವಿಮನೆ ಘಟ್ಟ ಹತ್ತುವಾಗ ಎಳೆಯುತ್ತಿರಲಿಲ್ಲ. ಸೀಟು ಎತ್ತಿ ನೋಡಿದರೆ ಮಧ್ಯದ ಪ್ಲಗ್‌ನ ಬುಡದಲ್ಲಿ ಕಪ್ಪು ಮಸಿ. ಬೆರಳಲ್ಲಿ ಹಿಡಿದರೆ ಪ್ಲಗ್ ಅಲ್ಲಾಡುತ್ತಿತ್ತು.

“ಹೆಡ್ ಇಳಸಕ್ಕಾಗ್ತಾ ಭಾವಾ?” ಅಂತ ಅವನು ಕೇಳಿದ. ಬೇಡ ಅಂದೆ. ಹೆಡ್ ಇಳಿಸಿದರೆ ಗ್ಯಾಸ್ಕೆಟ್ ಬೇಕು, ಟೈಮಿಂಗ್ ಬೆಲ್ಟ್ ಬಿಚ್ಚಬೇಕು, ಕೂಲಂಟ್ ಖಾಲಿ ಮಾಡಬೇಕು, ನಾಲ್ಕು ದಿನ ಗಾಡಿ ನಿಲ್ಲುತ್ತದೆ. ಥ್ರೆಡ್ ಮಾತ್ರ ಹೋಗಿದ್ದರೆ ಅಷ್ಟೆಲ್ಲ ಬೇಕಿಲ್ಲ. ಒಂದು ಮಧ್ಯಾಹ್ನ ಸಾಕು. ಆದರೆ ಎರಡು ವಿಷಯದಲ್ಲಿ ಸ್ವಲ್ಪವೂ ಅವಸರ ಮಾಡಬಾರದು: ಟ್ಯಾಪ್ (ಥ್ರೆಡ್ ಕತ್ತರಿಸುವ ಸಾಧನ) ನೆಟ್ಟಗೆ ಇಳಿಯಬೇಕು, ಲೋಹದ ಚೂರು ಸಿಲಿಂಡರ್ ಒಳಗೆ ಉಳಿಯಬಾರದು.

ನಮ್ಮ ಕಡೆ ಇದು ಯಾಕೆ ಜಾಸ್ತಿ

ಪ್ಲಗ್‌ನ ಮೈ ಉಕ್ಕು, ಹೆಡ್ ಅಲ್ಯೂಮಿನಿಯಂ. ಎರಡು ಬೇರೆ ಬೇರೆ ಲೋಹ ತಾಗಿಕೊಂಡಿರುವ ಕಡೆ ಉಪ್ಪಿನ ತೇವ ಸೇರಿದರೆ ಅಲ್ಯೂಮಿನಿಯಂ ಬೇಗ ತಿಂದುಹೋಗುತ್ತದೆ. ಕಾರವಾರ, ಅಂಕೋಲಾ, ಹೊನ್ನಾವರದ ಕಡಲ ಗಾಳಿಗೆ ಆ ತೇವ ತಂದುಕೊಡುವುದು ಕಷ್ಟವಲ್ಲ. ವರ್ಷಗಟ್ಟಲೆ ಬಿಚ್ಚದ ಪ್ಲಗ್ ಬಿಳಿ ಹುಡಿ ಹಿಡಿದು ಕಚ್ಚಿಕೊಂಡಿರುತ್ತದೆ. ಅದನ್ನು ಜೋರಾಗಿ ತಿರುಗಿಸಿದರೆ ಥ್ರೆಡ್ ಜೊತೆಗೇ ಬರುತ್ತದೆ. ಘಟ್ಟದ ಮೇಲೆ ಉಪ್ಪು ಇಲ್ಲ, ಆದರೆ ನಾಲ್ಕು ತಿಂಗಳ ಮಳೆ ಇದೆ.

ಇದು ಬಿಟ್ಟರೆ ಉಳಿದದ್ದೆಲ್ಲ ಕೈಯ ತಪ್ಪು. ಎಂಜಿನ್ ಬಿಸಿ ಇರುವಾಗಲೇ ಬಿಚ್ಚುವುದು. ವಾರೆಯಾಗಿ ಕೂತ ಪ್ಲಗ್ಗಿಗೆ ಮೊದಲ ಸುತ್ತಿನಿಂದಲೇ ಪಾನಾ ಹಾಕುವುದು. ‘ಇನ್ನೊಂಚೂರು ಟೈಟ್ ಇರಲಿ’ ಅಂತ ಒತ್ತುವುದು. ಭಾವನ ಓಮ್ನಿಗೆ ಆದದ್ದು ಈ ಎರಡನೆಯದು. ಪೇಟೆಯ ಒಂದು ಗ್ಯಾರೇಜಿನಲ್ಲಿ ಅವಸರದಲ್ಲಿ ಪ್ಲಗ್ ಬದಲಿಸಿದ್ದರು. ಹಾಗೆ ವಾರೆಯಾಗಿ ಹೋದ ಪ್ಲಗ್ ಕೆಲವು ತಿಂಗಳು ಸುಮ್ನೆ ಇದ್ದು, ಆಮೇಲೆ ಸಡಿಲವಾಗುತ್ತದೆ.

ಮೊದಲು ಪ್ಲಗ್‌ನ ಅಳತೆ

ಟ್ಯಾಪ್ ಕೊಳ್ಳುವ ಮುಂಚೆ ನಿಮ್ಮ ಪ್ಲಗ್ ಯಾವ ಅಳತೆಯದ್ದು ಅಂತ ಖಚಿತ ಮಾಡಿಕೊಳ್ಳಿ. ಕಾರು, ಓಮ್ನಿ, ಹಳೇ ಬುಲೆಟ್, ಪಂಪ್‌ಸೆಟ್ಟಿನ ಪೆಟ್ರೋಲ್ ಎಂಜಿನ್, ಇವುಗಳಲ್ಲಿ ಸಾಮಾನ್ಯವಾಗಿ 14 ಮಿಲಿಮೀಟರ್ ದಪ್ಪ, 1.25 ಪಿಚ್ (ಥ್ರೆಡ್‌ನ ಒಂದು ಸುತ್ತಿಗೂ ಮುಂದಿನದಕ್ಕೂ ಇರುವ ಅಂತರ, ಮಿಲಿಮೀಟರಿನಲ್ಲಿ). ಸ್ಕೂಟರು ಮತ್ತು ಸಣ್ಣ ಬೈಕುಗಳಲ್ಲಿ ಹೆಚ್ಚಾಗಿ 10 ಮಿಲಿಮೀಟರ್, 1.0 ಪಿಚ್. ಕೆಲವು ಬೈಕುಗಳಲ್ಲಿ 12 ಮಿಲಿಮೀಟರ್, 1.25 ಪಿಚ್.

ಎನ್‌ಜಿಕೆ ಕಂಪನಿಯ ಪ್ಲಗ್ ಆದರೆ ಮೈಮೇಲಿನ ಅಕ್ಷರಗಳೇ ಹೇಳುತ್ತವೆ. ಮೊದಲ ಅಕ್ಷರ ‘ಬಿ’ ಇದ್ದರೆ 14 ಮಿ.ಮೀ., ‘ಸಿ’ ಇದ್ದರೆ 10, ‘ಡಿ’ ಇದ್ದರೆ 12. ಅಂಕಿಯ ನಂತರ ಬರುವ ಅಕ್ಷರ ಥ್ರೆಡ್‌ನ ಉದ್ದ: ‘ಇ’ ಅಂದರೆ 19 ಮಿ.ಮೀ., ‘ಎಚ್’ ಅಂದರೆ 12.7 ಮಿ.ಮೀ. ಬಿಪಿಆರ್6ಇಎಸ್ ಅಂದರೆ 14 ದಪ್ಪ, 19 ಉದ್ದ. ಈ ಉದ್ದ ಬಹಳ ಮುಖ್ಯ. ಹಾಕುವ ಇನ್ಸರ್ಟ್ (ಕೆಟ್ಟ ಥ್ರೆಡ್ ಬದಲು ತೂತಿನೊಳಗೆ ಕೂರಿಸುವ ಹೊಸ ಥ್ರೆಡ್) ಉದ್ದವಾದರೆ ಒಳಗೆ ಬೆಂಕಿಯ ಕೋಣೆಗೆ ಚಾಚಿಕೊಂಡು ಕೆಂಪಗೆ ಕಾಯುತ್ತದೆ, ಕಿಡಿ ಬರುವ ಮುಂಚೆಯೇ ಪೆಟ್ರೋಲ್ ಹೊತ್ತಿಸುತ್ತದೆ. ಗಿಡ್ಡವಾದರೆ ಕೆಳಗೆ ಉಳಿದ ಸುತ್ತುಗಳಲ್ಲಿ ಮಸಿ ಕೂರುತ್ತದೆ.

ಇನ್ನೊಂದು ಲೆಕ್ಕ ನೆನಪಿನಲ್ಲಿ ಇಟ್ಟುಕೊಳ್ಳಿ. 1.25 ಪಿಚ್ ಎಂದರೆ ಒಂದು ಸುತ್ತಿಗೆ 1.25 ಮಿ.ಮೀ. ಇಳಿಯುತ್ತದೆ. 19 ಮಿ.ಮೀ. ಉದ್ದದ ಪ್ಲಗ್ ಪೂರ್ತಿ ಕೂರಲು ಸುಮಾರು 15 ಸುತ್ತು ಬೇಕು. 12.7ರದ್ದಕ್ಕೆ ಸುಮಾರು 10. ಪ್ಲಗ್ ಹಾಕುವಾಗ ಯಾವಾಗಲೂ ಸುತ್ತು ಎಣಿಸಿ. ನಾಲ್ಕನೇ ಸುತ್ತಿಗೇ ಬಿಗಿಯಾಯಿತು ಅಂದರೆ ಅದು ಕೂತಿದ್ದಲ್ಲ, ಸಿಕ್ಕಿಕೊಂಡಿದ್ದು. ಅಲ್ಲಿಗೇ ನಿಲ್ಲಿಸಿ.

ಎಷ್ಟು ಹಾಳಾಗಿದೆ ಅಂತ ನೋಡುವುದು

ಎಂಜಿನ್ ಪೂರ್ತಿ ತಣ್ಣಗಾಗಲಿ. ಬೆಳಿಗ್ಗೆ, ಗಾಡಿ ಚಾಲೂ ಮಾಡುವ ಮುಂಚೆ ಕೆಲಸ ಶುರು ಮಾಡಿದರೆ ಒಳ್ಳೆಯದು. ಪ್ಲಗ್ ಬುಡದ ಸುತ್ತ ಇರುವ ಕೆಂಪು ಧೂಳು, ಮರಳನ್ನು ಮೊದಲು ಗಾಳಿ ಹೊಡೆದು ತೆಗೆಯಿರಿ. ನಮ್ಮ ಕಡೆಯ ಮಣ್ಣಿನ ರಸ್ತೆಯ ಗಾಡಿಗಳಲ್ಲಿ ಅಲ್ಲಿ ಚಮಚಗಟ್ಟಲೆ ಮಣ್ಣು ಕೂತಿರುತ್ತದೆ. ಪ್ಲಗ್ ತೆಗೆದೊಡನೆ ಅದು ನೇರ ಒಳಗೆ ಬೀಳುತ್ತದೆ.

ಪ್ಲಗ್ ಕಚ್ಚಿಕೊಂಡಿದ್ದರೆ ಕಾಲು ಸುತ್ತು ಮಾತ್ರ ಸಡಿಲಿಸಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಅರ್ಧ ಗಂಟೆ ಕಾಯಿರಿ. ಆಮೇಲೆ ಸ್ವಲ್ಪ ಬಿಚ್ಚಿ, ಸ್ವಲ್ಪ ವಾಪಸ್ ತಿರುಗಿಸಿ, ಮತ್ತೆ ಬಿಚ್ಚಿ. ಹೀಗೆ ಹಿಂದೆ ಮುಂದೆ ಆಡಿಸುತ್ತ ತೆಗೆದರೆ ಎಷ್ಟೋ ಥ್ರೆಡ್ ಉಳಿಯುತ್ತದೆ.

ಈಗ ಟಾರ್ಚ್ ಹಿಡಿದು ತೂತಿನೊಳಗೆ ನೋಡಿ. ಮೊಬೈಲಿಗೆ ಜೋಡಿಸುವ ಸಣ್ಣ ಪೈಪ್ ಕ್ಯಾಮೆರಾ ಇದ್ದರೆ ಇನ್ನೂ ಚೆನ್ನ. ಮೇಲಿನ ಒಂದೆರಡು ಸುತ್ತು ಮಾತ್ರ ಚಪ್ಪಟೆಯಾಗಿ, ಕೆಳಗಿನದು ಸರಿ ಇದ್ದರೆ ಅದು ಸಣ್ಣ ಕೆಲಸ. ಅರ್ಧಕ್ಕಿಂತ ಜಾಸ್ತಿ ಹೋಗಿದ್ದರೆ ಇನ್ಸರ್ಟ್ ಹಾಕಬೇಕು. ತೂತಿನಿಂದ ವಾಲ್ವ್ ಸೀಟಿನ ಕಡೆಗೆ ಕೂದಲೆಳೆಯಂಥ ಬಿರುಕು ಕಂಡರೆ, ಅಥವಾ ಹಿಂದೆ ಯಾರೋ ಹಾಕಿದ ಇನ್ಸರ್ಟೇ ಕಿತ್ತು ಬಂದು ತೂತು ದೊಡ್ಡದಾಗಿದ್ದರೆ, ಹೆಡ್ ಇಳಿಸಲೇಬೇಕು. ಅದು ವೆಲ್ಡಿಂಗ್ ಮತ್ತು ಲೇತಿನ ಕೆಲಸ, ಮನೆಯಲ್ಲಿ ಆಗುವುದಿಲ್ಲ.

ಎಪಾಕ್ಸಿ ಅಂಟು ಹಚ್ಚಿ ಕೂರಿಸುವುದು, ನಲ್ಲಿಗೆ ಸುತ್ತುವ ಬಿಳಿ ಟೇಪ್ ಸುತ್ತುವುದು, ಇವೆಲ್ಲ ಬೇಡವೇ ಬೇಡ. ಒಳಗಿನ ಒತ್ತಡಕ್ಕೆ, ಶಾಖಕ್ಕೆ ಅವು ನಿಲ್ಲುವುದಿಲ್ಲ. ಪ್ಲಗ್ ಹಾರಿ ಬಂದರೆ ಓಮ್ನಿಯಲ್ಲಿ ಅದು ನೀವು ಕೂತ ಸೀಟಿನ ಕೆಳಗೇ ಇರುತ್ತದೆ.

ಸಣ್ಣ ಹಾನಿಗೆ

ಇದಕ್ಕೆ ಥ್ರೆಡ್ ಚೇಸರ್ ಸಾಕು. ಇದು ಹೊಸದಾಗಿ ಲೋಹ ಕತ್ತರಿಸುವುದಿಲ್ಲ. ಬಾಗಿದ್ದನ್ನು ನೆಟ್ಟಗೆ ಮಾಡಿ ಮಸಿ ತೆಗೆಯುತ್ತದೆ. ಸಾಮಾನ್ಯ ಟ್ಯಾಪ್ ಹಾಕಿದರೆ ಉಳಿದಿರುವ ಒಳ್ಳೆಯ ಲೋಹವೂ ಸವೆಯುತ್ತದೆ, ಆದ್ದರಿಂದ ಇಲ್ಲಿ ಅದು ಬೇಡ.

ಚೇಸರ್ ಸಿಗದಿದ್ದರೆ ಮನೆಯಲ್ಲೇ ಒಂದನ್ನು ಮಾಡಿಕೊಳ್ಳಬಹುದು. ಅದೇ ಅಳತೆಯ ಹಳೇ ಪ್ಲಗ್ ತೆಗೆದುಕೊಳ್ಳಿ. ಅದರ ಥ್ರೆಡ್ ಮೇಲೆ ಮೇಲಿನಿಂದ ಕೆಳಗೆ, ಸಮ ಅಂತರದಲ್ಲಿ ನಾಲ್ಕು ಉದ್ದ ಗೀರು ಹಾಕಿ. ಹ್ಯಾಕ್ಸಾ ಬ್ಲೇಡ್ ಸಾಕು. ಗೀರಿನ ಅಂಚಿನ ಮುಳ್ಳುಗಳನ್ನು ಸಣ್ಣ ಅರದಿಂದ ಉಜ್ಜಿ ತೆಗೆಯಿರಿ. ಗೀರುಗಳಿಗೆ ಗ್ರೀಸ್ ತುಂಬಿ, ಬೆರಳಿನಿಂದಲೇ ತಿರುಗಿಸುತ್ತ ಇಳಿಸಿ. ಮಸಿ, ಹುಡಿ ಎಲ್ಲ ಗ್ರೀಸಿಗೆ ಅಂಟಿಕೊಂಡು ಗೀರಿನೊಳಗೆ ಕೂರುತ್ತದೆ. ತೆಗೆದು, ಒರೆಸಿ, ಮತ್ತೆ ಗ್ರೀಸ್ ತುಂಬಿ ಇಳಿಸಿ. ಮೂರ್ನಾಲ್ಕು ಸಲ ಮಾಡಿದರೆ ಹೊಸ ಪ್ಲಗ್ ಬೆರಳಿನಲ್ಲೇ ಕೊನೆವರೆಗೆ ಹೋಗುತ್ತದೆ.

ಬಾಯಿಯ ಸುತ್ತುಗಳು ಪೂರ್ತಿ ಕೆಟ್ಟು, ಚೇಸರ್‌ಗೆ ದಾರಿಯೇ ಸಿಗದಿದ್ದರೆ ಬ್ಯಾಕ್ ಟ್ಯಾಪ್ ಅನ್ನುವ ಸಾಧನ ಇದೆ. ಅದನ್ನು ಮುಚ್ಚಿದ ಸ್ಥಿತಿಯಲ್ಲಿ ತೂತಿನೊಳಗೆ ಇಳಿಸಿ, ಕೆಳಗಿನ ಒಳ್ಳೆಯ ಥ್ರೆಡ್‌ನ ಹತ್ತಿರ ಅರಳಿಸಿ, ಅಲ್ಲಿಂದ ಮೇಲಕ್ಕೆ ತಿರುಗಿಸುತ್ತ ಬರಬೇಕು. ಒಳ್ಳೆಯ ಥ್ರೆಡ್ಡೇ ಕೆಟ್ಟ ಥ್ರೆಡ್ಡಿಗೆ ದಾರಿ ತೋರಿಸುವುದರಿಂದ ವಾರೆಯಾಗುವ ಭಯ ಇಲ್ಲ. ಚೂರುಗಳೂ ಹೆಚ್ಚಾಗಿ ಹೊರಗೇ ಬರುತ್ತವೆ.

ಕಾಯಿಲ್ ಅಥವಾ ಬುಷ್

ಥ್ರೆಡ್ ಪೂರ್ತಿ ಹೋಗಿದ್ದರೆ ತೂತನ್ನು ಸ್ವಲ್ಪ ದೊಡ್ಡದು ಮಾಡಿ, ಅದರೊಳಗೆ ಉಕ್ಕಿನ ಹೊಸ ಥ್ರೆಡ್ ಕೂರಿಸಬೇಕು. ಇದರಲ್ಲಿ ಎರಡು ಬಗೆ. ಹೆಲಿಕಾಯಿಲ್ ಅಂದರೆ ಸ್ಟೇನ್‌ಲೆಸ್ ತಂತಿಯ ಸ್ಪ್ರಿಂಗ್. ಬುಷ್ ಅಂದರೆ ಒಳಗೂ ಹೊರಗೂ ಥ್ರೆಡ್ ಇರುವ ಗಟ್ಟಿ ಕೊಳವೆ. ಕಾಯಿಲ್ ಅಗ್ಗ, ಕಡಿಮೆ ಲೋಹ ಕತ್ತರಿಸಿದರೆ ಸಾಕು. ಆದರೆ ಮುಂದೆ ಪ್ಲಗ್ ಬಿಚ್ಚುವಾಗ ಕೆಲವೊಮ್ಮೆ ಪ್ಲಗ್ ಜೊತೆಗೇ ಹೊರಗೆ ಬರುತ್ತದೆ. ಪದೇ ಪದೇ ಪ್ಲಗ್ ಬಿಚ್ಚುವ ಎಂಜಿನ್ ಆದರೆ ನಾನು ಬುಷ್ಷನ್ನೇ ಆರಿಸುತ್ತೇನೆ. ಭಾವನ ಓಮ್ನಿಗೆ ಹಾಕಿದ್ದು ಕಾಯಿಲ್, ಯಾಕೆಂದರೆ ಆ ದಿನ ಕೈಯಲ್ಲಿ ಇದ್ದದ್ದು ಆ ಕಿಟ್.

ಕಿಟ್ ಕೊಳ್ಳುವಾಗ ಒಂದು ವಿಷಯ ನೋಡಿಕೊಳ್ಳಿ. ಟ್ಯಾಪಿನ ತುದಿಯ ಭಾಗ 14 ಮಿ.ಮೀ. ಥ್ರೆಡ್ಡಿನದ್ದಾಗಿದ್ದು, ಮೇಲಿನ ಭಾಗ ದೊಡ್ಡದಾಗಿರಬೇಕು. ತುದಿ ಹಳೇ ಥ್ರೆಡ್ಡಿನಲ್ಲಿ ಉಳಿದದ್ದನ್ನು ಹಿಡಿದುಕೊಂಡು ಇಳಿಯುತ್ತದೆ, ಹಿಂದಿನ ಭಾಗ ಅದೇ ದಾರಿಯಲ್ಲಿ ಕತ್ತರಿಸುತ್ತ ಬರುತ್ತದೆ. ಡ್ರಿಲ್ ಹಾಕುವ ಕೆಲಸವೇ ಇಲ್ಲ. ಹೆಡ್ ಗಾಡಿಯಲ್ಲೇ ಇರುವಾಗ ಕೈ ಡ್ರಿಲ್ ಹಿಡಿದು ತೂತು ಕೊರೆಯುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ನೆಟ್ಟಗೆ ಬರುವುದಿಲ್ಲ.

ಪಿಸ್ಟನ್ ಎಲ್ಲಿರಬೇಕು

ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಉಳಿದ ಪ್ಲಗ್‌ಗಳನ್ನೂ ತೆಗೆದರೆ ಎಂಜಿನ್ ಹಗುರವಾಗಿ ತಿರುಗುತ್ತದೆ. ಆ ತೂತುಗಳಿಗೆ ಬಟ್ಟೆ ಮುಚ್ಚಿ.

ಈಗ ಟಾಪ್ ಗೇರಿಗೆ ಹಾಕಿ ಗಾಡಿಯನ್ನು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ತಳ್ಳಿ. ಒಬ್ಬರು ಕೆಟ್ಟ ತೂತಿನ ಮೇಲೆ ಬೆರಳು ಇಟ್ಟಿರಲಿ. ಗಾಳಿ ಬೆರಳನ್ನು ಎತ್ತಿ ತಳ್ಳತೊಡಗಿದರೆ ಪಿಸ್ಟನ್ ಕಂಪ್ರೆಶನ್‌ನಲ್ಲಿ ಮೇಲೆ ಬರುತ್ತಿದೆ. ಬೆರಳು ತೆಗೆದು ತೆಳ್ಳಗಿನ ಬಿದಿರಿನ ಕಡ್ಡಿ ಇಳಿಬಿಟ್ಟು, ಕಡ್ಡಿ ಮೇಲೇರುವುದು ನಿಲ್ಲುವವರೆಗೆ ತಳ್ಳಿ. ಅದು ಮೇಲಿನ ತುದಿ. ಅಲ್ಲಿಂದ ಇನ್ನೊಂದು ಕಾಲು ಸುತ್ತು ಎಂಜಿನ್ ಮುಂದೆ ತಿರುಗಲಿ. ಈಗ ಪಿಸ್ಟನ್ ಅರ್ಧದಷ್ಟು ಕೆಳಗಿದೆ, ಎರಡೂ ವಾಲ್ವ್ ಮುಚ್ಚಿವೆ. ಟ್ಯಾಪಿನ ತುದಿ ಪಿಸ್ಟನ್ನಿಗೆ ತಾಗುವುದಿಲ್ಲ, ಚೂರು ಬಿದ್ದರೂ ವಾಲ್ವ್ ಸೀಟಿನ ಸಂದಿಗೆ ಹೋಗುವುದಿಲ್ಲ. ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಕಡ್ಡಿಯನ್ನು ಟ್ಯಾಪಿನ ಪಕ್ಕದಲ್ಲಿ ಇಟ್ಟು ಉದ್ದ ಹೋಲಿಸಿ ನೋಡಿದ ಮೇಲೇ ಮುಂದಿನ ಕೆಲಸ.

ಟ್ಯಾಪ್ ಇಳಿಸುವುದು

ಟ್ಯಾಪಿನ ಉದ್ದ ಕಚ್ಚುಗಳಿಗೆ ಗಟ್ಟಿ ಗ್ರೀಸ್ ಮೆತ್ತಿ, ಕಚ್ಚು ತುಂಬುವ ಹಾಗೆ. ಬೆರಳಿನಿಂದ ಟ್ಯಾಪನ್ನು ತೂತಿಗೆ ಇಟ್ಟು ಮೊದಲು ಎಡಕ್ಕೆ, ಬಿಚ್ಚುವ ದಿಕ್ಕಿಗೆ, ನಿಧಾನ ತಿರುಗಿಸಿ. ಒಂದು ಕಡೆ ‘ಟಿಕ್’ ಅಂತ ಸಣ್ಣದಾಗಿ ಕೆಳಗೆ ಕೂರುತ್ತದೆ. ಥ್ರೆಡ್‌ನ ಬಾಯಿ ಅದೇ. ಅಲ್ಲಿಂದ ಬಲಕ್ಕೆ ತಿರುಗಿಸಿ. ಪ್ಲಗ್ ಹಾಕುವಾಗಲೂ ಇದೇ ಅಭ್ಯಾಸ ಒಳ್ಳೆಯದು.

ಎರಡು ಸುತ್ತು ಬೆರಳಿನಲ್ಲೇ ಹೋಗಬೇಕು. ಆಗ ಸ್ವಲ್ಪ ದೂರ ನಿಂತು ಎದುರಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ನೋಡಿ. ಪಕ್ಕದ ಸಿಲಿಂಡರಿನ ತೂತಿಗೆ ಒಂದು ಒಳ್ಳೆಯ ಪ್ಲಗ್ ಹಾಕಿಟ್ಟಿದ್ದರೆ ಎರಡೂ ಒಂದೇ ಓರೆಯಲ್ಲಿ ನಿಂತಿವೆಯೇ ಎಂದು ಹೋಲಿಸಬಹುದು. ಹೆಡ್ಡಿನಲ್ಲಿ ಪ್ಲಗ್ ತೂತು ಓರೆಯಾಗಿಯೇ ಇರುತ್ತದೆ, ನೆಲಕ್ಕೆ ನೆಟ್ಟಗೆ ಇರುವುದಿಲ್ಲ. ಹಾಗಾಗಿ ಪಕ್ಕದ ಪ್ಲಗ್ಗೇ ನಿಮ್ಮ ಅಳತೆಗೋಲು.

ಆಮೇಲೆ ಪಾನಾ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ತಿರುಗಿಸಿದಾಗ ಚೂರು ಮುರಿದು ಗ್ರೀಸಿಗೆ ಸೇರುತ್ತದೆ. ಎರಡು ಸುತ್ತು ಆದ ಮೇಲೆ ಪೂರ್ತಿ ಹೊರತೆಗೆದು, ಬಟ್ಟೆಯಲ್ಲಿ ಒರೆಸಿ, ಹೊಸ ಗ್ರೀಸ್ ಮೆತ್ತಿ. ಬೇಸರ ಬರುತ್ತದೆ. ಭಾವ ಪ್ರತಿ ಸಲವೂ “ಇನ್ನೂ ಎಷ್ಟು?” ಅಂತ ಕೇಳುತ್ತಿದ್ದ. ಆದರೆ ಒರೆಸಿದ ಬಟ್ಟೆ ನೋಡಿ: ಕಪ್ಪು ಗ್ರೀಸಿನ ನಡುವೆ ಅಭ್ರಕದ ಹಾಗೆ ಹೊಳೆಯುವ ಚೂರುಗಳು. ಅವೆಲ್ಲ ಸಿಲಿಂಡರ್ ಒಳಗೆ ಬೀಳಬೇಕಿದ್ದವು. ನಮಗೆ ಹತ್ತು ಸಲ ತೆಗೆದು ಒರೆಸಬೇಕಾಯಿತು.

ನಡುವೆ ಎಲ್ಲಾದರೂ ಟ್ಯಾಪ್ ಇದ್ದಕ್ಕಿದ್ದಂತೆ ಗಟ್ಟಿಯಾದರೆ ಒತ್ತಬೇಡಿ. ಟ್ಯಾಪ್ ಒಳಗೆ ಮುರಿದರೆ ಆಗ ಹೆಡ್ ಇಳಿಸದೆ ಬೇರೆ ದಾರಿ ಇಲ್ಲ.

ಒಳಗೆ ಬಿದ್ದದ್ದನ್ನು ತೆಗೆಯುವುದು

ಗ್ರೀಸ್ ಎಷ್ಟೇ ಹಿಡಿದರೂ ಸ್ವಲ್ಪ ಬಿದ್ದೇ ಬೀಳುತ್ತದೆ. ಅಲ್ಯೂಮಿನಿಯಂ ಆಯಸ್ಕಾಂತಕ್ಕೆ ಅಂಟುವುದಿಲ್ಲ, ಆ ಪ್ರಯತ್ನ ಬೇಡ. ವ್ಯಾಕ್ಯೂಮ್ ಕ್ಲೀನರ್ ಮೂತಿಗೆ ತೆಳ್ಳಗಿನ ರಬ್ಬರ್ ನಳಿಕೆಯನ್ನು ಟೇಪ್ ಸುತ್ತಿ ಕಟ್ಟಿ, ಅದನ್ನು ತೂತಿನೊಳಗೆ ಬಿಟ್ಟು ಪಿಸ್ಟನ್ ತಲೆಯ ಮೇಲೆಲ್ಲ ಆಡಿಸಿ. ಅಂಚಿನಲ್ಲಿ, ಸಿಲಿಂಡರ್ ಗೋಡೆಯ ಪಕ್ಕ, ಜಾಸ್ತಿ ಹೊತ್ತು ಹಿಡಿಯಿರಿ. ಆಮೇಲೆ ಬಿದಿರು ಕಡ್ಡಿಯ ತುದಿಗೆ ಗ್ರೀಸ್ ಹಚ್ಚಿ ಒಳಗೆ ಒತ್ತಿ ಒತ್ತಿ ತೆಗೆಯಿರಿ. ಕ್ಯಾಮೆರಾ ಇಳಿಸಿ ನೋಡಿ. ಹೊಳೆಯುವುದು ಏನೂ ಕಾಣದಿರುವವರೆಗೆ ಇದೇ ಕೆಲಸ. ನಾನು ಟ್ಯಾಪ್ ಇಳಿಸಿದ್ದಕ್ಕಿಂತ ಇದಕ್ಕೆ ಹೆಚ್ಚು ಹೊತ್ತು ಕೊಟ್ಟೆ.

ಕಾಯಿಲ್ ಕೂರಿಸುವುದು

ಹೊಸ ಥ್ರೆಡ್ಡನ್ನು ಬ್ರೇಕ್ ಕ್ಲೀನರ್ ಹಚ್ಚಿದ ಬಟ್ಟೆಯಿಂದ ಒರೆಸಿ ಒಣಗಲು ಬಿಡಿ. ಕಾಯಿಲನ್ನು ಅದರ ಸಾಧನಕ್ಕೆ ಸಿಕ್ಕಿಸಿ, ಮೇಲಿನಿಂದ ಒತ್ತದೆ ಬರೀ ತಿರುಗಿಸುತ್ತ ಇಳಿಸಿ. ಒತ್ತಿದರೆ ಒಂದು ಸುತ್ತು ಹಾರಿ ಕೂರುತ್ತದೆ. ಕಾಯಿಲ್‌ನ ಮೇಲಿನ ತುದಿ ಬಾಯಿಯ ಮಟ್ಟದಿಂದ ಕಾಲು ಅಥವಾ ಅರ್ಧ ಸುತ್ತು ಕೆಳಗೆ ನಿಲ್ಲಬೇಕು. ಕೆಳತುದಿಯಲ್ಲಿ ಅಡ್ಡ ಕಡ್ಡಿ ಇರುವ ಮಾದರಿಯಾದರೆ ಅದನ್ನು ಬಡಿದು ಮುರಿಯಬೇಡಿ, ಒಳಗೆ ಬೀಳುತ್ತದೆ. ಉದ್ದ ಮೂತಿಯ ಇಕ್ಕಳದಲ್ಲಿ ಹಿಡಿದು ಮೇಲೆ ಕೆಳಗೆ ಬಗ್ಗಿಸಿ ಮುರಿದು ಹೊರಗೆ ತನ್ನಿ. ಅದು ಕಣ್ಣಮುಂದೆ ಇರಲಿ.

ಬುಷ್ ಆದರೆ ಅದರ ಕಾಲರ್ ಕೂರುವಷ್ಟು ಬಾಯಿಯನ್ನು ಕಿಟ್ಟಿನ ಸೀಟ್ ಕಟರ್‌ನಿಂದ ತಗ್ಗಿಸಬೇಕು. ಇಲ್ಲದಿದ್ದರೆ ಪ್ಲಗ್ ಅಷ್ಟು ಮೇಲೆ ಕೂರುತ್ತದೆ. ಅಂಟು ಹಚ್ಚಲು ಕಿಟ್ ಹೇಳಿದ್ದರೆ ಹೊರಮೈಗೆ ಮಾತ್ರ, ತೆಳ್ಳಗೆ.

ಪ್ಲಗ್ ಹಾಕುವ ಮುಂಚೆ ಗೇರ್ ನ್ಯೂಟ್ರಲ್‌ಗೆ ತಂದು, ಉಳಿದ ತೂತುಗಳ ಬಟ್ಟೆ ತೆಗೆದು, ಬ್ಯಾಟರಿ ಜೋಡಿಸಿ, ಪ್ಲಗ್ ವೈರ್‌ಗಳಿಂದ ಕಿಡಿ ಬಾರದ ಹಾಗೆ ಇಗ್ನಿಷನ್ ಕಾಯಿಲ್‌ನ ಸಣ್ಣ ವೈರ್ ತೆಗೆದು, ಸೆಲ್ಫ್ ನಾಲ್ಕೈದು ಸೆಕೆಂಡ್ ಹೊಡೆಯಿರಿ. ಉಳಿದ ಹುಡಿ ಇದ್ದರೆ ತೂತಿನಿಂದ ಹಾರಿ ಬರುತ್ತದೆ. ಮುಖ ಆ ಕಡೆ ಇರಬಾರದು, ಹತ್ತಿರ ಬೆಂಕಿ ಇರಬಾರದು.

ಪ್ಲಗ್ ಹಾಕುವುದು

ಒಂದು ಗೇಣುದ್ದ ರಬ್ಬರ್ ಪೈಪ್ ತೆಗೆದುಕೊಂಡು ಪ್ಲಗ್‌ನ ಬಿಳಿ ಪಿಂಗಾಣಿ ತಲೆಗೆ ಸಿಕ್ಕಿಸಿ. ಪೈಪ್ ಹಿಡಿದು ತಿರುಗಿಸಿ. ಪ್ಲಗ್ ಸರಿ ದಾರಿಯಲ್ಲಿದ್ದರೆ ತಿರುಗುತ್ತ ಹೋಗುತ್ತದೆ. ವಾರೆಯಾದರೆ ಪೈಪೇ ಪ್ಲಗ್ ಮೇಲೆ ಜಾರುತ್ತದೆ, ಥ್ರೆಡ್ ಹಾಳಾಗುವಷ್ಟು ಬಲ ಅದಕ್ಕೆ ಇಲ್ಲ. ಪಾನಾ ಕೈಗೆ ಬರಬೇಕಾದದ್ದು ವಾಶರ್ ತಾಗಿದ ಮೇಲೆ.

ಟಾರ್ಕ್ ಪಾನಾ ಇದ್ದರೆ ಅಲ್ಯೂಮಿನಿಯಂ ಹೆಡ್ಡಿನಲ್ಲಿ 14 ಮಿ.ಮೀ. ಪ್ಲಗ್ಗಿಗೆ 25ರಿಂದ 30 ನ್ಯೂಟನ್ ಮೀಟರ್, 12ಕ್ಕೆ 15ರಿಂದ 20, 10ಕ್ಕೆ 10ರಿಂದ 12. ಇಲ್ಲದಿದ್ದರೆ ಗಡಿಯಾರದ ಲೆಕ್ಕ: ಹೊಸ ಪ್ಲಗ್ ಆದರೆ ವಾಶರ್ ತಾಗಿದ ಮೇಲೆ 12ರಿಂದ 6ರವರೆಗೆ. ಒಮ್ಮೆ ಬಿಗಿದು ಬಿಚ್ಚಿದ ಪ್ಲಗ್ ಆದರೆ ವಾಶರ್ ಆಗಲೇ ಚಪ್ಪಟೆಯಾಗಿರುತ್ತದೆ, 12ರಿಂದ 1ರವರೆಗೆ ಸಾಕು. ಥ್ರೆಡ್ಡಿಗೆ ಎಣ್ಣೆ ಹಚ್ಚಬೇಡಿ. ಕರಾವಳಿಯ ಗಾಡಿಗೆ ತಾಮ್ರದ ಗ್ರೀಸ್ ಹಚ್ಚುವುದಾದರೆ ತುದಿಯ ಎರಡು ಸುತ್ತು ಬಿಟ್ಟು ತೆಳ್ಳಗೆ ಹಚ್ಚಿ, ಬಿಗಿಯುವ ಬಲವನ್ನು ಮೂರನೇ ಒಂದು ಭಾಗ ಕಡಿಮೆ ಮಾಡಿ. ಜಾರಿಕೆ ಇದ್ದಾಗ ಅದೇ ಬಲಕ್ಕೆ ಥ್ರೆಡ್ ಮೇಲೆ ಎಳೆತ ಜಾಸ್ತಿ ಬೀಳುತ್ತದೆ.

ಚಾಲೂ ಮಾಡಿದೊಡನೆ, ಎಂಜಿನ್ ಬಿಸಿಯಾಗುವ ಮುಂಚೆ, ಬ್ರಶ್ಶಿನಿಂದ ಪ್ಲಗ್ ಬುಡಕ್ಕೆ ಸೋಪಿನ ನೀರು ಸ್ವಲ್ಪ ತಾಗಿಸಿ. ಗುಳ್ಳೆ ಬಂದರೆ ಸೋರುತ್ತಿದೆ.

ಓಮ್ನಿ ಅಲ್ಲದಿದ್ದರೆ

ತೋಟದ ಹುಲ್ಲು ಹೊಡೆಯುವ ಮಷಿನ್, ದೋಣಿಯ ಟೂ ಸ್ಟ್ರೋಕ್ ಎಂಜಿನ್, ಹಳೇ ಆರ್‌ಎಕ್ಸ್ 100 ಇವುಗಳಿಗೆ ಮೇಲಿನದ್ದು ಹಾಗೆಯೇ ಹೊಂದುವುದಿಲ್ಲ. ಸಿಲಿಂಡರ್ ಗೋಡೆಯಲ್ಲೇ ಪೋರ್ಟ್ ತೂತುಗಳಿರುವುದರಿಂದ ಚೂರು ಬಿದ್ದರೆ ಕ್ರ್ಯಾಂಕ್ ಬೇರಿಂಗ್ ತನಕ ಹೋಗಬಹುದು. ಬೈಕಿನ ಟೂ ಸ್ಟ್ರೋಕ್ ಹೆಡ್ ನಾಲ್ಕು ನಟ್ಟಿನಲ್ಲಿ ಬರುತ್ತದೆ, ಅಲ್ಲಿ ಇಳಿಸುವುದೇ ಸುಲಭ. ಹುಲ್ಲಿನ ಮಷಿನ್ನಿನಲ್ಲಿ ಹೆಚ್ಚಾಗಿ ಹೆಡ್ಡು, ಸಿಲಿಂಡರ್ ಒಂದೇ ಎರಕ. ಬುಡದ ಬೋಲ್ಟ್ ಬಿಚ್ಚಿ ಇಡೀ ಸಿಲಿಂಡರ್ ತೆಗೆದು ಕೆಲಸ ಮಾಡಿ. ಸ್ಕೂಟರಿನ 10 ಮಿ.ಮೀ. ಪ್ಲಗ್ಗಿಗೆ ಸುತ್ತಲಿನ ಗೋಡೆ ತೆಳು, ಕೈ ಹೋಗುವ ಜಾಗವೂ ಕಡಿಮೆ. ಚೇಸರ್ ಹಾಕುವುದಕ್ಕಿಂತ ಮುಂದೆ ಹೋಗಬೇಕಾದರೆ ಲೇತ್ ಅಂಗಡಿಗೆ ಕೊಡಿ.

ಕರಾವಳಿಯವರು ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ಒಮ್ಮೆ ಪ್ಲಗ್ ಬಿಚ್ಚಿ ಒರೆಸಿ ಹಾಕಿ. ರಬ್ಬರ್ ಕ್ಯಾಪ್ ಸೀಳಿದ್ದರೆ ಬದಲಿಸಿ, ನೀರು ಇಳಿಯುವುದು ಅಲ್ಲಿಂದಲೇ.

ಭಾವನ ಗಾಡಿಯನ್ನು ಮರುದಿನ ಕುಮಟಾಕ್ಕೆ ಇಳಿಸಿ, ವಾಪಸ್ ದೇವಿಮನೆ ಘಟ್ಟ ಹತ್ತಿಸಿದೆವು. ‘ಟುಸ್ ಟುಸ್’ ಇರಲಿಲ್ಲ. ರಾತ್ರಿಯಿಡೀ ತಣ್ಣಗಾಗಲು ಬಿಟ್ಟು ಬೆಳಿಗ್ಗೆ ಪ್ಲಗ್ ಬಿಚ್ಚಿದೆ. ಕಾಯಿಲ್ ಜಾಗದಲ್ಲೇ ಇತ್ತು, ಥ್ರೆಡ್ ಸಂದಿಯಲ್ಲಿ ಬೆಳ್ಳಿ ಎಳೆ ಇರಲಿಲ್ಲ. ರಬ್ಬರ್ ಪೈಪ್ ಭಾವನ ಕೈಗೆ ಕೊಟ್ಟೆ. ಅವನೇ ಎಣಿಸುತ್ತ ಹಾಕಿದ, ಹದಿನಾಲ್ಕನೇ ಸುತ್ತು ದಾಟಿ ವಾಶರ್ ತಾಗಿತು. ಆಮೇಲೆ ಪಾನಾ, 12ರಿಂದ 1ರವರೆಗೆ.